ಒಂದೇ ತಾಯಿಯ ಗಪ್ಪಿ ಮರಿಗಳಲ್ಲಿ ಒಂದು ಧೈರ್ಯದ್ದು, ಇನ್ನೊಂದು ಪುಕ್ಕಲು: ಇದು ಹುಟ್ಟುಗುಣವೇ?

ಪ್ರಶ್ನೆ: ನನ್ನ ತೊಟ್ಟಿಯಲ್ಲಿ ಒಂದೇ ತಾಯಿ ಗಪ್ಪಿ ಒಂದೇ ಸಲ ಹಾಕಿದ ಮರಿಗಳಿವೆ, ಈಗ ಮೂರು ತಿಂಗಳಿನವು. ನೀರಿನ ಮೇಲೆ ಕೈ ಆಡಿಸಿದರೆ ಕೆಲವು ನುಗ್ಗಿ ಬರುತ್ತವೆ. ಕೆಲವು ಗಿಡದ ಹಿಂದೆ ಸೇರಿಕೊಂಡು ಐದು ನಿಮಿಷವಾದರೂ ಹೊರಬರುವುದಿಲ್ಲ. ದಿನವೂ ಅವೇ ಮುಂದೆ, ಅವೇ ಹಿಂದೆ. ಇಷ್ಟು ಚಿಕ್ಕ ಮೀನಿಗೂ ವ್ಯಕ್ತಿತ್ವ ಅಂತ ಇರುತ್ತದೆಯೇ? ಇದ್ದರೆ ಅದು ತಂದೆ ತಾಯಿಯಿಂದ ಬಂದದ್ದೇ? ಧೈರ್ಯದ ಗಂಡಿಗೆ ಧೈರ್ಯದ ಹೆಣ್ಣನ್ನು ಕೂಡಿಸಿದರೆ ಧೈರ್ಯದ ಮರಿಗಳೇ ಹುಟ್ಟುತ್ತವೆಯೇ? ಹಾಗಾದರೆ ಪ್ರಕೃತಿಯಲ್ಲಿ ಪುಕ್ಕಲು ಮೀನುಗಳು ಇನ್ನೂ ಉಳಿದಿರುವುದು ಹೇಗೆ?

ಉತ್ತರ: ಮೊದಲು ಚುಟುಕಾಗಿ ಹೇಳುವುದಾದರೆ, ಚಿಕ್ಕ ಮೀನುಗಳಿಗೂ ವ್ಯಕ್ತಿತ್ವವಿದೆ. ಅದರಲ್ಲೊಂದು ಪಾಲು ತಂದೆ ತಾಯಿಯಿಂದ ಬರುತ್ತದೆ. ಆದರೆ ನೀವು ಒಂದು ದಿನ ನಿಂತು ನೋಡಿದಾಗ ಕಾಣುವ ವ್ಯತ್ಯಾಸದಲ್ಲಿ ಆ ಪಾಲು ಸಾಮಾನ್ಯವಾಗಿ ಐದನೇ ಒಂದರಿಂದ ನಾಲ್ಕನೇ ಒಂದರಷ್ಟು ಮಾತ್ರ. ಆದ್ದರಿಂದ ಧೈರ್ಯದ ಜೋಡಿಯ ಮರಿಗಳು ಧೈರ್ಯದ ಕಡೆಗೆ ತುಸು ವಾಲುತ್ತವೆ, ಅಷ್ಟೇ. ಇನ್ನು ಪುಕ್ಕಲು ಮೀನು ಉಳಿದಿರುವುದಕ್ಕೆ ಕಾರಣ, ಧೈರ್ಯಕ್ಕೆ ತೆರಬೇಕಾದ ಬೆಲೆ ಎಲ್ಲ ನೀರಿನಲ್ಲೂ ಒಂದೇ ಅಲ್ಲ. ಈ ಮೂರು ಮಾತುಗಳ ಹಿಂದೆ ಸಾಕಷ್ಟು ಲೆಕ್ಕಾಚಾರವಿದೆ. ಅದನ್ನು ನಿಮ್ಮ ತೊಟ್ಟಿಯಲ್ಲೇ ಮಾಡಿ ನೋಡಲೂ ಬಹುದು.

ವ್ಯಕ್ತಿತ್ವ ಎಂಬ ದೊಡ್ಡ ಪದ ಕೇಳಿ ಗಾಬರಿಯಾಗಬೇಡಿ. ಮೀನಿನ ಮನಸ್ಸಿನೊಳಗೆ ಏನಿದೆ ಎಂಬ ಚರ್ಚೆ ಇದಲ್ಲ. ಈ ಮೀನಿಗೂ ಆ ಮೀನಿಗೂ ಇಂದು ನಡತೆಯಲ್ಲಿ ಇರುವ ವ್ಯತ್ಯಾಸ ಮುಂದಿನ ವಾರವೂ ಇದ್ದರೆ, ಸಂದರ್ಭ ಬದಲಾದರೂ ಉಳಿದರೆ, ಅದನ್ನು ವ್ಯಕ್ತಿತ್ವ ಎನ್ನುತ್ತಾರೆ. ಪುಕ್ಕಲು ಮೀನು ದಿನ ಕಳೆದಂತೆ ಪಳಗಿ ಧೈರ್ಯ ತಂದುಕೊಳ್ಳಬಹುದು. ಆದರೆ ಅಷ್ಟರಲ್ಲಿ ಧೈರ್ಯದ ಮೀನೂ ಇನ್ನಷ್ಟು ಮುಂದೆ ಹೋಗಿರುತ್ತದೆ. ಉಳಿಯುವುದು ಸಾಲಿನಲ್ಲಿ ಅವುಗಳ ಸ್ಥಾನ, ಗಡಿಯಾರದ ಸೆಕೆಂಡುಗಳಲ್ಲ.

ನೀವು ಗಮನಿಸಿದ್ದು, ಅಂದರೆ ‘ದಿನವೂ ಅವೇ ಮುಂದೆ’ ಎಂಬುದು, ಒಳ್ಳೆಯ ಸುಳಿವು. ಆದರೆ ಸಾಕ್ಷಿಯಾಗಿ ಸಾಲದು. ತೊಟ್ಟಿಯಲ್ಲಿ ಗುಂಪಾಗಿರುವಾಗ ಮುಂದೆ ಬರುವ ಮೀನು ಧೈರ್ಯದ್ದೇ ಆಗಬೇಕಿಲ್ಲ. ಅದು ಮೈಯಲ್ಲಿ ದೊಡ್ಡದಿರಬಹುದು, ಹಸಿದಿರಬಹುದು, ಅಥವಾ ಉಳಿದವನ್ನು ಅಟ್ಟಿ ಓಡಿಸುವ ದಾದಾ ಆಗಿರಬಹುದು. ಗಿಡದ ಹಿಂದಿರುವ ಮೀನು ಹೆದರಿದ್ದು ನಿಮ್ಮ ಕೈಗಲ್ಲ, ಪಕ್ಕದ ಮೀನಿಗೆ ಎಂದೂ ಇರಬಹುದು. ಆದ್ದರಿಂದ ಒಂದೊಂದನ್ನೇ ಬೇರೆಯಾಗಿ, ಹಲವು ಸಲ ನೋಡಬೇಕು.

ಅದಕ್ಕೆ ಬಳಸುವ ಸರಳ ವಿಧಾನ ‘ಗೂಡಿನಿಂದ ಹೊರಬರುವ ಪರೀಕ್ಷೆ’. ಸುಮಾರು 45 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲದ ಬರಿದಾದ ತೊಟ್ಟಿ ಸಾಕು. ನೀರು 8 ಸೆಂ.ಮೀ. ಮಾತ್ರ ಇರಲಿ. ಆಳ ಹೆಚ್ಚಾದರೆ ಮೀನು ಮೇಲೆ ಕೆಳಗೆ ಹೋದದ್ದು ಮೇಲಿನ ಕ್ಯಾಮೆರಾಕ್ಕೆ ಗೊತ್ತಾಗುವುದಿಲ್ಲ. ಗಾಜಿನ ಹೊರಗೆ ನಾಲ್ಕೂ ಕಡೆ ಬಿಳಿ ಕಾಗದ ಅಂಟಿಸಿ. ಒಂದು ತುದಿಯಲ್ಲಿ 10 ಸೆಂ.ಮೀ. ಅಗಲದ ಕಪ್ಪು ಪ್ಲಾಸ್ಟಿಕ್ ಗೂಡು, ಅದಕ್ಕೆ ಮೇಲೆತ್ತುವ ಬಾಗಿಲು. ಬಾಗಿಲಿಗೆ ದಾರ ಕಟ್ಟಿ ಒಂದೂವರೆ ಮೀಟರ್ ದೂರದಿಂದ ಎಳೆಯಬೇಕು. ಹತ್ತಿರ ನಿಂತು ಎತ್ತಿದರೆ ನಿಮ್ಮ ನೆರಳಿಗೆ ಮೀನು ಹೇಗೆ ಹೆದರುತ್ತದೆ ಎಂಬುದನ್ನು ಅಳೆದಂತಾಗುತ್ತದೆ.

ಮೀನನ್ನು ಗೂಡಿನೊಳಗೆ ಬಿಟ್ಟು 3 ನಿಮಿಷ ಸುಧಾರಿಸಿಕೊಳ್ಳಲು ಬಿಡಿ. ಬಾಗಿಲು ತೆರೆದು ಗಡಿಯಾರ ಒತ್ತಿ. ಬಾಲದ ತುದಿಯೂ ಸೇರಿ ಮೈ ಪೂರ್ತಿ ಹೊರಬಂದ ಕ್ಷಣವೇ ಲೆಕ್ಕ. ಮೂತಿ ಹೊರಗಿಟ್ಟು ಮತ್ತೆ ಒಳಸರಿದದ್ದು ಲೆಕ್ಕಕ್ಕಿಲ್ಲ. ಗಪ್ಪಿಗಳಲ್ಲಿ ಈ ಇಣುಕಾಟ ಬಹಳ, ಅದಕ್ಕೇ ನಿಯಮವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಹತ್ತು ನಿಮಿಷವಾದರೂ ಬಾರದಿದ್ದರೆ ‘600 ಸೆಕೆಂಡಿಗಿಂತ ಹೆಚ್ಚು’ ಎಂದು ಬರೆದು ನಿಲ್ಲಿಸಿ. ಹೊರಬಂದ ಮೇಲೆ ಇನ್ನೈದು ನಿಮಿಷ ಬಿಟ್ಟು, ತಳಕ್ಕೆ ಹಾಕಿದ 5 ಸೆಂ.ಮೀ. ಚೌಕಗಳಲ್ಲಿ ಎಷ್ಟನ್ನು ದಾಟಿತು, ಎಷ್ಟು ಹೊತ್ತು ಅಲುಗಾಡದೆ ನಿಂತಿತು ಎಂಬುದನ್ನೂ ಬರೆದುಕೊಳ್ಳಿ. ಬೇಗ ಹೊರಬಂದ ಮೀನೆಲ್ಲ ಧೈರ್ಯದ್ದಲ್ಲ. ಕೆಲವು ಗಾಬರಿಗೆ ನುಗ್ಗಿ ಬಂದು ಮೂಲೆಯಲ್ಲಿ ಹೆಪ್ಪುಗಟ್ಟಿದಂತೆ ನಿಂತುಬಿಡುತ್ತವೆ. ಎರಡನೇ ಅಳತೆ ಇಲ್ಲದಿದ್ದರೆ ಅವೂ ಶೂರರ ಪಟ್ಟಿಗೆ ಸೇರಿಬಿಡುತ್ತವೆ.

ಎಡವುವುದು ಹೆಚ್ಚಾಗಿ ಸಣ್ಣ ಸಣ್ಣ ಕಡೆಗಳಲ್ಲಿ. ನೀರಿನ ಉಷ್ಣತೆ ದಿನದಿಂದ ದಿನಕ್ಕೆ ಅರ್ಧ ಡಿಗ್ರಿಗಿಂತ ಹೆಚ್ಚು ಆಚೀಚೆ ಆಗಬಾರದು. ಹವಳದ ದಿಬ್ಬದ ಡ್ಯಾಮ್ಸೆಲ್ ಮೀನುಗಳಲ್ಲಿ 3 ಡಿಗ್ರಿಗಿಂತ ಕಡಿಮೆ ಏರಿಕೆಗೇ ಚಟುವಟಿಕೆ, ಧೈರ್ಯ, ಜಗಳಗಂಟತನ ಸರಾಸರಿ ಎರಡೂವರೆಯಿಂದ ಆರು ಪಟ್ಟು ಹೆಚ್ಚಿದ್ದನ್ನು 2010ರಲ್ಲಿ ವರದಿ ಮಾಡಿದ್ದಾರೆ. ಅದಕ್ಕಿಂತ ತೊಡಕಿನ ಸಂಗತಿ, ಎಲ್ಲ ಮೀನುಗಳೂ ಬಿಸಿಗೆ ಒಂದೇ ಪ್ರಮಾಣದಲ್ಲಿ ಸ್ಪಂದಿಸಲಿಲ್ಲ. ಬೆಳಿಗ್ಗೆ ನೋಡಿದ ಮೀನನ್ನು ಮಧ್ಯಾಹ್ನ ನೋಡಿದ ಮೀನಿನ ಜೊತೆ ಹೋಲಿಸಿದರೆ ನೀವು ಹೋಲಿಸುತ್ತಿರುವುದು ಬಹುಶಃ ಹೀಟರನ್ನು.

ಆಹಾರದ ಸಂಗತಿಯೂ ಹಾಗೆಯೇ. ಎಲ್ಲಕ್ಕೂ ಹಿಂದಿನ ಸಂಜೆ ಹಾಕಿ, ಮರುದಿನ ಬೆಳಿಗ್ಗೆ ತಿನ್ನಿಸುವ ಮೊದಲು ಪರೀಕ್ಷೆ ಮುಗಿಸಿ. ಒಂದು ಮೀನಾದ ಮೇಲೆ ಇನ್ನೊಂದನ್ನು ಬಿಡುವ ಮೊದಲು ನೀರು ಬದಲಿಸಿ, ಹೆದರಿದ ಅಥವಾ ಗಾಯವಾದ ಮೀನಿನಿಂದ ನೀರಿಗೆ ಸೇರಿದ ವಾಸನೆ ಮುಂದಿನದನ್ನು ಎಚ್ಚರಿಸುತ್ತದೆ. ಹಿಡಿಯಲು ಬಲೆ ಬೇಡ, ಪಾರದರ್ಶಕ ಲೋಟದಲ್ಲಿ ಮೊಗೆಯಿರಿ. ಮುಖ್ಯವಾಗಿ, ‘ಸಿಕ್ಕಿದ ಇಪ್ಪತ್ತು’ ಎಂದು ಆರಿಸಬೇಡಿ. ಮೊದಲು ಕೈಗೆ ಸಿಗುವುದು ಧೈರ್ಯದ ಮೀನೇ. 1993ರಲ್ಲಿ ಪಂಪ್‌ಕಿನ್‌ಸೀಡ್ ಸನ್‌ಫಿಶ್ ಎಂಬ ಮೀನಿನ ಮೇಲೆ ನಡೆದ ಕೆಲಸದಲ್ಲಿ ಬುಟ್ಟಿಬಲೆಗೆ ತಾನಾಗಿ ನುಗ್ಗಿದ ಮೀನುಗಳೂ ದೊಡ್ಡ ಬಲೆ ಎಳೆದು ಹಿಡಿದ ಮೀನುಗಳೂ ನಡತೆಯಲ್ಲಿ ಬೇರೆಯಾಗಿಯೇ ಇದ್ದವು. ತೊಟ್ಟಿಯ ಅಷ್ಟೂ ಮೀನುಗಳಿಗೆ ನಂಬರ್ ಕೊಟ್ಟು ಚೀಟಿ ಎತ್ತಿ. ಗಂಡು ಗಪ್ಪಿಯ ಚುಕ್ಕೆಗಳು ಒಂದರಂತೆ ಇನ್ನೊಂದರಲ್ಲಿ ಇರುವುದಿಲ್ಲ, ಎರಡೂ ಮಗ್ಗುಲಿನ ಫೋಟೋ ಸಾಕು. ಹೆಣ್ಣುಗಳನ್ನು ಗುರುತಿಸುವುದು ಕಷ್ಟ. ಪ್ರಯೋಗಾಲಯದಲ್ಲಿ ಚರ್ಮದಡಿ ಎಲಾಸ್ಟೊಮರ್ ಎಂಬ ರಬ್ಬರಿನಂಥ ವಸ್ತುವಿನ ಬಣ್ಣದ ಚುಕ್ಕೆ ಚುಚ್ಚುತ್ತಾರೆ. ಮನೆಯಲ್ಲಿ ಅದನ್ನು ಮಾಡಹೋಗಬೇಡಿ. ಜಾಲರಿಯ ಅಡ್ಡಗೋಡೆ ಹಾಕಿ, ಒಂದಕ್ಕೊಂದು ಕಾಣುವಂತೆ ಬೇರೆ ಬೇರೆ ಕೋಣೆಗಳಲ್ಲಿ ಇಡಿ. ಪೂರ್ತಿ ಒಂಟಿಯಾಗಿಟ್ಟರೆ ಗುಂಪಿನಲ್ಲಿ ಬದುಕುವ ಗಪ್ಪಿಗೆ ಅದೇ ಒಂದು ಸಂಕಟ.

ಪ್ರತಿ ಮೀನಿಗೂ 4 ಸಲ, ಮೂರು ನಾಲ್ಕು ದಿನಗಳ ಅಂತರದಲ್ಲಿ ಪರೀಕ್ಷೆ ಮಾಡಿ. ಎರಡನೇ ಮೂರನೇ ಸಲಕ್ಕೆ ಎಲ್ಲವೂ ಬೇಗ ಹೊರಬರುತ್ತವೆ, ಪೆಟ್ಟಿಗೆ ಅಭ್ಯಾಸವಾಗಿರುತ್ತದೆ. ಆದ್ದರಿಂದ ಪ್ರತಿ ದಿನದ ಸರಾಸರಿಯನ್ನು ಆ ದಿನದ ಅಂಕಿಗಳಿಂದ ಕಳೆಯಬೇಕು. ಸೆಕೆಂಡುಗಳನ್ನು ನೇರವಾಗಿ ಬಳಸದೆ ಲಾಗರಿದಮ್‌ಗೆ ಬದಲಿಸಿಕೊಂಡು ಆಮೇಲೆ ಕಳೆಯಿರಿ. ಹೆಚ್ಚಿನವು ಒಂದೆರಡು ನಿಮಿಷದಲ್ಲಿ ಬರುತ್ತವೆ, ಕೆಲವು ಹತ್ತು ನಿಮಿಷಕ್ಕೂ ಬರುವುದಿಲ್ಲ. ಈ ಉದ್ದ ಬಾಲದ ಅಂಕಿಗಳಿಗೆ ಸರಾಸರಿ ತೆಗೆದರೆ ಎರಡು ಹಠಮಾರಿ ಮೀನುಗಳೇ ಇಡೀ ಲೆಕ್ಕವನ್ನು ಎಳೆದುಕೊಂಡು ಹೋಗುತ್ತವೆ.

ಈಗ ‘ಪುನರಾವರ್ತನೀಯತೆ’ ಎಂಬ ಅಳತೆ. ಒಟ್ಟು ಏರುಪೇರಿನಲ್ಲಿ ಮೀನು ಮೀನುಗಳ ನಡುವಿನ ಪಾಲು ಎಷ್ಟು ಎಂಬುದೇ ಅದು. ಉದಾಹರಣೆಗೆ 20 ಮೀನು, ತಲಾ 4 ಪರೀಕ್ಷೆ ಎಂದಿಟ್ಟುಕೊಳ್ಳಿ. ಯಾವುದೇ ಸ್ಪ್ರೆಡ್‌ಶೀಟಿನ ಅನೋವಾ ಕೋಷ್ಟಕದಲ್ಲಿ (ಏರುಪೇರನ್ನು ಪಾಲು ಮಾಡಿ ತೋರಿಸುವ ಲೆಕ್ಕ ಅದು) ಮೀನುಗಳ ನಡುವಿನ ‘ಸರಾಸರಿ ವರ್ಗ’, ಅಂದರೆ ಏರುಪೇರಿನ ಅಳತೆ, 1.20, ಒಂದೇ ಮೀನಿನೊಳಗಿನದು 0.30 ಎಂದು ಬಂತೆನ್ನಿ. 1.20ರಿಂದ 0.30 ಕಳೆದರೆ 0.90. ಇದನ್ನು ಭಾಗಿಸಬೇಕಾದ ಅಂಕಿ, 1.20ಕ್ಕೆ 0.30ರ ಮೂರು ಪಟ್ಟು ಸೇರಿಸಿದಾಗ ಬರುವ 2.10. ಮೂರು ಪಟ್ಟು ಯಾಕೆಂದರೆ ನಾಲ್ಕು ಪರೀಕ್ಷೆಗೆ ಒಂದು ಕಡಿಮೆ. 0.90ನ್ನು 2.10ರಿಂದ ಭಾಗಿಸಿದರೆ 0.43. ಇದು ಒಳ್ಳೆಯ ಫಲಿತಾಂಶ. ಅಲಿಸನ್ ಬೆಲ್ ಮತ್ತು ಸಂಗಡಿಗರು 2009ರಲ್ಲಿ ನಾನಾ ಪ್ರಾಣಿಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ನಡತೆಯ ಸರಾಸರಿ ಪುನರಾವರ್ತನೀಯತೆ 0.37 ಎಂದು ಬಂದಿತ್ತು. ಅಂದರೆ ಒಂದು ದಿನ ಕಾಣುವ ವ್ಯತ್ಯಾಸದಲ್ಲಿ ಮೂರನೇ ಒಂದಕ್ಕಿಂತ ತುಸು ಹೆಚ್ಚು ಮಾತ್ರ ಮೀನಿನ ಸ್ವಭಾವ. ಉಳಿದದ್ದು ಆ ಹೊತ್ತಿನ ಹಸಿವು, ಬೆಳಕು, ಹಿಂದಿನ ರಾತ್ರಿಯ ಜಗಳ, ನಿಮ್ಮ ಗಡಿಯಾರದ ತಪ್ಪು.

ಆ ಸ್ವಭಾವದಲ್ಲಿ ಜೀನ್‌ಗಳ ಪಾಲು ಎಷ್ಟು ಎಂಬುದು ಇನ್ನೊಂದು ಮೆಟ್ಟಿಲು. ಮೀನುಗಳೂ ಸೇರಿದಂತೆ ಹಲವು ಪ್ರಾಣಿಗಳ ಅಂಕಿಗಳನ್ನು 2015ರಲ್ಲಿ ಒಟ್ಟು ಮಾಡಿದಾಗ ಸ್ಥಿರವಾಗಿ ಉಳಿಯುವ ವ್ಯತ್ಯಾಸದ ಸುಮಾರು 52 ಶೇಕಡಾ ಭಾಗ ತಂದೆ ತಾಯಿಯಿಂದ ಮರಿಗೆ ದಾಟಬಲ್ಲ ಆನುವಂಶಿಕ ಭಾಗ ಎಂದು ಕಂಡಿತು. 0.37ರಲ್ಲಿ ಅರ್ಧ ಎಂದರೆ ಸುಮಾರು 0.19. ಆರಂಭದಲ್ಲಿ ಹೇಳಿದ ‘ಐದನೇ ಒಂದು’ ಬಂದದ್ದು ಇಲ್ಲಿಂದ. ಈ ಅಂಕಿಯನ್ನು ‘ಪ್ರತಿ ಮೀನಿನ ಧೈರ್ಯದ ಐದನೇ ಒಂದು ಭಾಗ ಜೀನ್‌ನದು’ ಎಂದು ಓದಬಾರದು. ಇದು ಒಂದು ಗುಂಪಿನೊಳಗಿನ ವ್ಯತ್ಯಾಸದ ಲೆಕ್ಕ. ಗುಂಪು ಬದಲಾದರೆ, ಸಾಕುವ ರೀತಿ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಉಳಿದರ್ಧ ಎಲ್ಲಿಂದ ಬಂತು? ನನ್ನ ಮಟ್ಟಿಗೆ ಈ ವಿಷಯದಲ್ಲಿ ಅತ್ಯಂತ ಕುತೂಹಲದ ಭಾಗ ಇದೇ, ಯಾಕೆಂದರೆ ಜೀನ್‌ನ ವೇಷ ಹಾಕಿ ಬರುವ ಬೇರೆ ಸಂಗತಿಗಳೆಲ್ಲ ಇಲ್ಲಿ ಅಡಗಿವೆ.

ಅಮೆಜಾನ್ ಮೋಲಿ ಎಂಬ ಮೀನಿದೆ. ಹೆಸರಿಗೆ ಅಮೆಜಾನ್, ಇರುವುದು ಟೆಕ್ಸಸ್ ಮತ್ತು ಈಶಾನ್ಯ ಮೆಕ್ಸಿಕೋದ ನೀರಿನಲ್ಲಿ. ಈ ಜಾತಿಯಲ್ಲಿ ಇರುವುದೆಲ್ಲ ಹೆಣ್ಣೇ. ಮೊಟ್ಟೆ ಬೆಳೆಯಲು ಚುರುಕು ಸಿಗಲೆಂದು ಹತ್ತಿರದ ಜಾತಿಯ ಗಂಡಿನೊಂದಿಗೆ ಕೂಡುತ್ತದೆ, ಆದರೆ ಗಂಡಿನ ಜೀನ್ ಮರಿಗೆ ಸೇರುವುದಿಲ್ಲ. ಮರಿಗಳೆಲ್ಲ ತಾಯಿಯ ಪಡಿಯಚ್ಚು. ಕಶೇರುಕಗಳಲ್ಲಿ ಹೀಗೆ ವಂಶ ಬೆಳೆಸುವ ಜೀವಿಯಾಗಿ ಮೊದಲು ಗುರುತಿಸಿದ್ದು ಇದನ್ನೇ, 1932ರಲ್ಲಿ. ಜೀನ್‌ನಲ್ಲಿ ಏನೇನೂ ವ್ಯತ್ಯಾಸವಿಲ್ಲದ ಇಂಥ ಮರಿಗಳನ್ನು ಹುಟ್ಟಿದ ದಿನವೇ ಬೇರ್ಪಡಿಸಿ, ಒಂದೇ ಬಗೆಯ ತೊಟ್ಟಿಗಳಲ್ಲಿ ಒಂಟಿಯಾಗಿ ಸಾಕಿದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಆದರೂ ಅವುಗಳ ನಡತೆ ಒಂದೇ ಆಗಿರಲಿಲ್ಲ. 2022ರಲ್ಲಿ ಪ್ರಕಟವಾದ ಮುಂದಿನ ಕೆಲಸದಲ್ಲಿ ಮೊದಲ ದಿನದಿಂದಲೇ ಕ್ಯಾಮೆರಾ ಇಟ್ಟು ಹತ್ತು ವಾರ ನೋಡಿದರು. ಹುಟ್ಟಿದ ದಿನವೇ ಓಡಾಟದಲ್ಲಿ ವ್ಯತ್ಯಾಸವಿತ್ತು, ವಾರ ಕಳೆದಂತೆ ಅದು ಹಿಗ್ಗುತ್ತಾ ಹೋಯಿತು. ‘ಬೆಳೆಯ ಸಿರಿ ಮೊಳಕೆಯಲ್ಲಿ’ ಎನ್ನುತ್ತಾರಲ್ಲ, ಇಲ್ಲಿ ಮೊಳಕೆಯಲ್ಲಿ ಕಂಡದ್ದು ಜೀನ್‌ನ ಸಿರಿಯಂತೂ ಅಲ್ಲ. ಮೊಟ್ಟೆಯೊಳಗೆ ಬೆಳೆಯುವಾಗಿನ ಕಣ್ಣಿಗೆ ಕಾಣದ ಆಕಸ್ಮಿಕಗಳೂ ಒಂದು ಮೀನನ್ನು ಇನ್ನೊಂದರಿಂದ ಬೇರೆ ಮಾಡಬಲ್ಲವು.

ಎರಡನೆಯದು ತಾಯಿ. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆ ಕೇಳಲು ಚೆನ್ನ, ಆದರೆ ತಾಯಿ ಮರಿಗೆ ಕೊಡುವುದು ಜೀನ್ ಮಾತ್ರವಲ್ಲ. ಮೊಟ್ಟೆಯ ಭಂಡಾರ, ಅದರೊಳಗಿನ ಹಾರ್ಮೋನುಗಳು, ಹುಟ್ಟುವಾಗಿನ ಗಾತ್ರ ಎಲ್ಲವೂ ಅವಳದೇ. ಮೂರು ಮುಳ್ಳಿನ ಸ್ಟಿಕಲ್‌ಬ್ಯಾಕ್ ಮೀನಿನಲ್ಲಿ ಮೊಟ್ಟೆ ಕಟ್ಟುತ್ತಿದ್ದ ತಾಯಂದಿರನ್ನು ನಕಲಿ ಬೇಟೆ ಮೀನಿನಿಂದ ಅಟ್ಟಿಸಿದಾಗ ಅವುಗಳ ಮರಿಗಳು ಇನ್ನಷ್ಟು ಹುಷಾರಾಗುತ್ತವೆ ಎಂದು ಊಹಿಸುವುದು ಸಹಜ. 2012ರಲ್ಲಿ ವರದಿಯಾದದ್ದು ಅದರ ತಿರುಗುಮುರುಗು. ಆ ಮರಿಗಳು ಜೀವಂತ ಪೈಕ್ ಮೀನಿನ ಎದುರು ಸರಿಯಾಗಿ ಎಚ್ಚರ ವಹಿಸದೆ ಹೆಚ್ಚು ಬಲಿಯಾದವು. ತಾಯಿಯ ಭಯ ಮರಿಗೆ ಪಾಠವಾಗದೆ ಪೆಟ್ಟಾಯಿತು. ಸ್ಟಿಕಲ್‌ಬ್ಯಾಕ್‌ನಲ್ಲಿ ಗೂಡು ಕಟ್ಟಿ, ಮೊಟ್ಟೆಗೆ ರೆಕ್ಕೆಯಿಂದ ನೀರು ಬೀಸಿ, ಮರಿ ಕಾಯುವುದು ತಂದೆ. ಹಾಗಾಗಿ ಅಲ್ಲಿ ತಂದೆಯ ಆರೈಕೆಯೂ ಲೆಕ್ಕಕ್ಕೆ ಬರುತ್ತದೆ. ಗಪ್ಪಿಯ ತಂದೆ ಕೊಡುವುದು ವೀರ್ಯ ಮಾತ್ರ, ಮರಿಯ ಕಡೆ ತಿರುಗಿ ನೋಡಿದರೆ ಅದು ತಿನ್ನಲಿಕ್ಕೆ. ಪ್ರಯೋಗದ ದೃಷ್ಟಿಯಿಂದ ಇದು ಅನುಕೂಲ. ಮಕ್ಕಳು ತಂದೆಯನ್ನು ಹೋಲಿದರೆ ಅದು ಜೀನ್‌ನಿಂದಲೇ ಎಂದು ಬಹುಮಟ್ಟಿಗೆ ನಂಬಬಹುದು.

ಮೂರನೆಯದು ಹುಳು. ಸ್ಕಿಸ್ಟೊಸೆಫಾಲಸ್ ಎಂಬ ಲಾಡಿಹುಳು ಹೊಟ್ಟೆಯೊಳಗೆ ಬೆಳೆದ ಸ್ಟಿಕಲ್‌ಬ್ಯಾಕ್ ಹೆದರಿಕೆ ಬಿಟ್ಟು ನೀರಿನ ಮೇಲ್ಮಟ್ಟದಲ್ಲಿ ತಿರುಗುತ್ತದೆ. ಹುಳುವಿನ ಜೀವನಚಕ್ರ ಮುಗಿಯಬೇಕಾದರೆ ಆ ಮೀನು ಹಕ್ಕಿಯ ಹೊಟ್ಟೆ ಸೇರಬೇಕು. ಇಂಥ ‘ಧೈರ್ಯ’ ವಾರವಾದರೂ ತಿಂಗಳಾದರೂ ಸ್ಥಿರವಾಗಿಯೇ ಇರುತ್ತದೆ, ನಿಮ್ಮ ಪುನರಾವರ್ತನೀಯತೆಯ ಅಂಕಿ ಚೆನ್ನಾಗಿಯೇ ಬರುತ್ತದೆ, ಆದರೆ ಮರಿಗೆ ದಾಟುವುದು ಏನೂ ಇಲ್ಲ. ಗಪ್ಪಿಗಳಲ್ಲಿ ಗುದದ್ವಾರದಿಂದ ಕೆಂಪು ನೂಲಿನಂತೆ ಹೊರಚಾಚುವ ಕಮಲಾನಸ್ ಹುಳು, ಉಬ್ಬಿದ ಹೊಟ್ಟೆ, ಮಡಚಿದ ರೆಕ್ಕೆ ಕಂಡ ಮೀನುಗಳನ್ನು ಪರೀಕ್ಷೆಗೆ ಮೊದಲೇ ಹೊರಗಿಡಿ.

‘ಧೈರ್ಯದ ಜೀನ್’ ಯಾವುದು ಎಂದು ಹಲವರು ಕೇಳುತ್ತಾರೆ. ಅಂಥದ್ದೊಂದನ್ನು ಹುಡುಕುವುದು ವ್ಯರ್ಥ. ಜೀಬ್ರಾ ಮೀನಿನಲ್ಲಿ ಎಫ್‌ಜಿಎಫ್‌ಆರ್1ಎ ಎಂಬ ಒಂದೇ ಜೀನ್ ಕೆಟ್ಟಾಗ ಧೈರ್ಯವೂ ಜಗಳಗಂಟತನವೂ ಒಟ್ಟಿಗೆ ಹೆಚ್ಚಿದ್ದನ್ನು 2011ರಲ್ಲಿ ತೋರಿಸಿದರು. ಅದು ಪ್ರಯೋಗಾಲಯದ ವಿಶೇಷ ತಳಿ. ಸಾಮಾನ್ಯ ಮೀನುಗಳಲ್ಲಿ ಕೆಲಸ ಮಾಡುವುದು ತಲಾ ಸಾಸಿವೆಯಷ್ಟು ಪ್ರಭಾವದ ಅನೇಕ ಜೀನ್‌ಗಳು.

ಇನ್ನು ಕೂಡಿಸುವ ವಿಷಯ. ಗಪ್ಪಿಯಲ್ಲಿ ಮೊದಲ ತೊಡಕು ಹೆಣ್ಣಿನದು. ಒಮ್ಮೆ ಕೂಡಿದ ಹೆಣ್ಣು ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಕಾಪಿಟ್ಟುಕೊಂಡು ಹೊಸ ಗಂಡಿಲ್ಲದೆಯೂ ಮರಿ ಹಾಕುತ್ತಾ ಹೋಗುತ್ತಾಳೆ. ಈಗ ನಿಮ್ಮ ತೊಟ್ಟಿಯಲ್ಲಿ ಗಂಡು ಹೆಣ್ಣು ಒಟ್ಟಿಗಿದ್ದು ಮೂರು ತಿಂಗಳಾಗಿದ್ದರೆ ಆ ಹೆಣ್ಣುಗಳು ಪ್ರಯೋಗಕ್ಕೆ ಬರುವುದಿಲ್ಲ, ಮರಿಯ ತಂದೆ ಯಾರೆಂದು ಹೇಳಲಾಗದು. ಹೊಸ ಮರಿಗಳನ್ನು ಮೂರು ವಾರ ದಾಟುತ್ತಿದ್ದಂತೆ ದಿನವೂ ನೋಡಿ. ಹೊಟ್ಟೆಯಡಿಯ ರೆಕ್ಕೆ ಬೀಸಣಿಗೆಯಂತೆ ಉಳಿದರೆ ಹೆಣ್ಣು, ಕಡ್ಡಿಯಂತೆ ಚೂಪಾಗತೊಡಗಿದರೆ ಗಂಡು. ಅದು ಪೂರ್ತಿ ಕಡ್ಡಿಯಾಗುವ ಮೊದಲೇ ಬೇರ್ಪಡಿಸಬೇಕು. ಅನುಮಾನವಿದ್ದರೆ ಆ ಮರಿಯನ್ನು ಗಂಡುಗಳ ತೊಟ್ಟಿಗೇ ಹಾಕಿ. ಹೆಣ್ಣುಗಳ ನಡುವೆ ಒಂದೇ ಒಂದು ಗಂಡು ತಪ್ಪಿ ಉಳಿದರೂ ಇಡೀ ತೊಟ್ಟಿ ಕೆಟ್ಟಂತೆ.

ಬೆಳೆದ ಮೇಲೆ ಪ್ರತಿ ಗಂಡನ್ನು ಮೂರು ಬೇರೆ ಬೇರೆ ಕನ್ಯೆ ಹೆಣ್ಣುಗಳಿಗೆ ಕೂಡಿಸಿ. ಹೀಗೆ ಮಾಡಿದರೆ ಒಂದೇ ತಂದೆ, ಬೇರೆ ತಾಯಿಯ ಮರಿಗಳು ಸಿಗುತ್ತವೆ. ತಂದೆಯಿಂದ ತಂದೆಗೆ ಕಾಣುವ ವ್ಯತ್ಯಾಸವನ್ನು ತಾಯಿಯ ಪ್ರಭಾವದಿಂದ ಬಿಡಿಸಿ ನೋಡಲು ಇದೇ ದಾರಿ. ತಂದೆ ತಾಯಿ ಇಬ್ಬರೂ ಒಂದೇ ಆದ ಮರಿಗಳ ಹೋಲಿಕೆಯಿಂದ ಲೆಕ್ಕ ಹಾಕಿದರೆ ಅಂಕಿ ಸಾಮಾನ್ಯವಾಗಿ ಉಬ್ಬಿಯೇ ಬರುತ್ತದೆ. ಗರ್ಭ ಸುಮಾರು ನಾಲ್ಕು ವಾರ. ಹೆತ್ತ ದಿನವೇ ತಾಯಿಯನ್ನು ಬೇರೆ ಮಾಡಿ, ಇಲ್ಲವಾದರೆ ಮರಿಗಳನ್ನು ತಿನ್ನುತ್ತಾಳೆ. ಅದರಲ್ಲೂ ಅಡಗಿ ಕೂರದ ಮರಿಗಳೇ ಮೊದಲು ಹೋಗುತ್ತವೆ, ನಿಮ್ಮ ಲೆಕ್ಕಕ್ಕೆ ಪುಕ್ಕಲು ಮರಿಗಳಷ್ಟೇ ಉಳಿಯುತ್ತವೆ. ಒಂದು ಕುಟುಂಬದ ಮರಿಗಳನ್ನು ಒಂದೇ ತೊಟ್ಟಿಯಲ್ಲಿ ಸಾಕಬೇಡಿ, ಕನಿಷ್ಠ ಮೂರಕ್ಕೆ ಹಂಚಿ. 10 ಲೀಟರಿಗೆ 8 ಮರಿ ಎಂದರೆ ಎಲ್ಲ ಕಡೆ ಎಂಟೇ ಇರಲಿ. ತೊಟ್ಟಿಗೊಂದು ಕುಟುಂಬ ಎಂದಿಟ್ಟರೆ ಆ ತೊಟ್ಟಿಯ ಬೆಳಕು, ಫಿಲ್ಟರಿನ ಸದ್ದು ಎಲ್ಲವೂ ‘ವಂಶದ ಗುಣ’ವಾಗಿ ಲೆಕ್ಕ ಸೇರುತ್ತದೆ. ಎಲ್ಲವನ್ನೂ ಒಂದೇ ವಯಸ್ಸಿನಲ್ಲಿ, 12 ವಾರಕ್ಕೆ ಅಂದುಕೊಳ್ಳಿ, ಪರೀಕ್ಷಿಸಿ.

ಎಷ್ಟು ಫಲ ನಿರೀಕ್ಷಿಸಬಹುದು? ಆನುವಂಶಿಕತೆ, ಅಂದರೆ ಒಟ್ಟು ವ್ಯತ್ಯಾಸದಲ್ಲಿ ಮರಿಗೆ ದಾಟಬಲ್ಲ ಆನುವಂಶಿಕ ಪಾಲು, 0.2 ಎಂದಿಟ್ಟುಕೊಳ್ಳೋಣ. ಗುಂಪು ಹೊರಬರುವ ಸರಾಸರಿ ಹೊತ್ತು 120 ಸೆಕೆಂಡು, ನೀವು ಆರಿಸಿದ ಗಂಡು ಹೆಣ್ಣುಗಳ ಸರಾಸರಿ 60. ಅಂತರ 60, ಅದರ 0.2 ಪಾಲು 12. ಮರಿಗಳ ಸರಾಸರಿ 108 ಸೆಕೆಂಡಿಗೆ ಇಳಿಯುತ್ತದೆ. ಆರಿಸುವಿಕೆಯೇ ಮಾಡದಿದ್ದರೆ 120. ಮೀನಿನಿಂದ ಮೀನಿಗೆ ಈ ಅಳತೆ 80 ಸೆಕೆಂಡು ಆಚೀಚೆ ಆಗುವ ಕಡೆ, ಎರಡೂ ಕಡೆ ಐವತ್ತೈವತ್ತು ಮರಿಗಳನ್ನು ನೋಡಿದರೂ 12 ಸೆಕೆಂಡಿನ ವ್ಯತ್ಯಾಸ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಒಂದು ತಲೆಮಾರು ನೋಡಿ ‘ಧೈರ್ಯ ವಂಶಕ್ಕೆ ಬರುವುದಿಲ್ಲ’ ಎಂದು ಕೈಬಿಟ್ಟವರು ಹೆಚ್ಚಾಗಿ ಎಡವುವುದು ಇಲ್ಲೇ.

ಇದಕ್ಕೆ ಮೂರು ಉಪಾಯಗಳಿವೆ. ಆರಿಸುವಾಗ ಒಂದೇ ಪರೀಕ್ಷೆ ನಂಬದೆ ನಾಲ್ಕರ ಸರಾಸರಿ ಹಿಡಿಯಿರಿ. ಪುನರಾವರ್ತನೀಯತೆ 0.4 ಇದ್ದರೆ ಅಷ್ಟೇ ಬಿಗಿಯಾದ ಆಯ್ಕೆಯಿಂದ ಸಿಗುವ ಪ್ರಗತಿ 1.35 ಪಟ್ಟಾಗುತ್ತದೆ. ಧೈರ್ಯದ ಸಾಲಿನ ಜೊತೆಗೆ ಪುಕ್ಕಲಿನ ಸಾಲನ್ನೂ ಬೆಳೆಸಿ, ಆಗ ಅಂತರ ಎರಡು ಪಟ್ಟು. ಆರಿಸದೆ ಬೆಳೆಸಿದ ಮೂರನೇ ಸಾಲೂ ಇರಲಿ, ಅದಿಲ್ಲದೆ ಯಾವ ಸಾಲು ಎತ್ತ ಸರಿಯಿತೆಂದು ತಿಳಿಯುವುದಿಲ್ಲ. ಮೂರು ತಲೆಮಾರು ಮುಂದುವರಿಸಿ. ತಲೆಮಾರಿಗೆ ಮೂರು ನಾಲ್ಕು ತಿಂಗಳಂತೆ ಒಂದು ವರ್ಷದ ಕೆಲಸ.

ಪುಕ್ಕಲು ಮೀನುಗಳು ಏಕೆ ಅಳಿದುಹೋಗಿಲ್ಲ ಎಂಬ ಪ್ರಶ್ನೆಗೆ ಒಂದು ಹಳೆಯ ಪ್ರಯೋಗ ಥಟ್ಟನೆ ಉತ್ತರ ಕೊಡುವಂತಿದೆ. ಲೀ ಡುಗಟ್ಕಿನ್ 1992ರಲ್ಲಿ ಗಪ್ಪಿಗಳನ್ನು ಧೈರ್ಯದವು, ಸಾಧಾರಣದವು, ಪುಕ್ಕಲು ಎಂದು ವಿಂಗಡಿಸಿ ಸ್ಮಾಲ್‌ಮೌತ್ ಬಾಸ್ ಎಂಬ ಬೇಟೆ ಮೀನಿನ ಜೊತೆ ಬಿಟ್ಟರು. 60 ಗಂಟೆಗಳ ಬಳಿಕ ಪುಕ್ಕಲಿನಲ್ಲಿ 40 ಶೇಕಡಾ ಉಳಿದಿದ್ದವು, ಸಾಧಾರಣದಲ್ಲಿ 15, ಧೈರ್ಯದವುಗಳಲ್ಲಿ ಒಂದೂ ಇಲ್ಲ. ಹಾಗಾದರೆ ಪ್ರಶ್ನೆಯನ್ನೇ ತಿರುಗಿಸಿ ಕೇಳಬೇಕು, ಧೈರ್ಯದ ಮೀನು ಏಕೆ ಉಳಿದಿದೆ? ಅದಕ್ಕೂ ಉತ್ತರವಿದೆ. 1996ರಲ್ಲಿ ಗೊಡಿನ್ ಮತ್ತು ಡುಗಟ್ಕಿನ್ ತೋರಿಸಿದಂತೆ, ಬೇಟೆ ಮೀನಿನ ಹತ್ತಿರ ಹೋಗಿ ನೋಡಿಬರುವ ಗಂಡನ್ನು ಹೆಣ್ಣುಗಳು ಹೆಚ್ಚು ಮೆಚ್ಚುತ್ತವೆ. ಆಯುಷ್ಯ ಕಡಿಮೆ, ಸಂತಾನ ಹೆಚ್ಚು.

ಈ ಚಂದದ ವ್ಯಾಪಾರದ ಕಥೆಯನ್ನು ಪೂರ್ತಿ ನಂಬಿಬಿಡಬೇಡಿ. 2010ರ ಇನ್ನೊಂದು ಪ್ರಯೋಗದಲ್ಲಿ ಟ್ರಿನಿಡಾಡ್‌ನ ಗಪ್ಪಿಗಳನ್ನು ಅವುಗಳ ಊರಿನದೇ ಬೇಟೆಗಾರನಾದ ಪೈಕ್ ಸಿಕ್ಲಿಡ್ ಜೊತೆ ಇಟ್ಟಾಗ ಹೆಚ್ಚು ಹೊತ್ತು ಬದುಕಿದ್ದು ಧೈರ್ಯದವೇ. 2020ರಲ್ಲಿ ಹಲವು ಪ್ರಾಣಿಗಳ ಅಂಕಿಗಳನ್ನು ಒಟ್ಟು ಮಾಡಿದವರಿಗೂ ‘ಧೈರ್ಯವಿದ್ದವರು ಬೇಗ ಸಾಯುತ್ತಾರೆ’ ಎಂಬ ಸಾಮಾನ್ಯ ನಿಯಮ ಸಿಗಲಿಲ್ಲ. ಬಾಸ್ ಗಪ್ಪಿಯ ಸಹಜ ನೆರೆಯ ಮೀನಲ್ಲ, ಸಿಕ್ಲಿಡ್ ಹೌದು. ಯಾರ ಎದುರಿನ ಧೈರ್ಯ ಎಂಬುದು ಮುಖ್ಯ.

ಟ್ರಿನಿಡಾಡ್‌ನ ಹೊಳೆಗಳಲ್ಲಿ ಇದನ್ನು ಕಣ್ಣಿಗೆ ಕಟ್ಟುವಂತೆ ಕಾಣಬಹುದು. ಜಲಪಾತದ ಕೆಳಗೆ ದೊಡ್ಡ ಬೇಟೆ ಮೀನುಗಳು, ಮೇಲೆ ರಿವುಲಸ್ ಎಂಬ ಚಿಕ್ಕ ಮೀನು ಬಿಟ್ಟರೆ ಅಂಥ ಅಪಾಯವಿಲ್ಲ. 1976ರಲ್ಲಿ ಜಾನ್ ಎಂಡ್ಲರ್ ಅರಿಪೊ ನದಿಯ ಕೆಳಭಾಗದ ಗಪ್ಪಿಗಳನ್ನು ಗಪ್ಪಿಯೇ ಇಲ್ಲದಿದ್ದ ಮೇಲಿನ ತೊರೆಗೆ ಬಿಟ್ಟರು. 11 ವರ್ಷಗಳಲ್ಲಿ, ಅಂದರೆ 30ರಿಂದ 60 ತಲೆಮಾರುಗಳಲ್ಲಿ, ಅವುಗಳ ವಂಶಸ್ಥರು ತಡವಾಗಿ ಪ್ರಾಯಕ್ಕೆ ಬಂದು, ಕಡಿಮೆ ಸಂಖ್ಯೆಯ ದೊಡ್ಡ ಮರಿ ಹಾಕುವವಾಗಿದ್ದವು. ಪ್ರಯೋಗಾಲಯದಲ್ಲಿ ಬೆಳೆಸಿದರೂ ಆ ಗುಣ ಉಳಿಯಿತು. ಹೀಗೆ ಸ್ಥಳ ಬದಲಿಸಿದ ಗಪ್ಪಿಗಳಲ್ಲಿ ಬೇಟೆಗಾರನಿಂದ ತಪ್ಪಿಸಿಕೊಳ್ಳುವ ಚುರುಕೂ ಕುಗ್ಗಿದ್ದು ಮುಂದೆ ಕಂಡುಬಂತು. ಪನಾಮದ ಬ್ರಾಕಿರಾಫಿಸ್ ಎಂಬ ಮೀನಿನಲ್ಲಿ ಬೇಟೆಗಾರರು ಹೆಚ್ಚಿರುವ ಕಡೆಯವೇ ಗೂಡಿನಿಂದ ಬೇಗ ಹೊರಬರುತ್ತವೆ, ಅವುಗಳ ಪ್ರಯೋಗಾಲಯದ ಮರಿಗಳೂ ಹಾಗೆಯೇ. ವಿಚಿತ್ರ ಅನ್ನಿಸಬಹುದು. ಆದರೆ ಅಪಾಯ ಸದಾ ಇರುವ ಕಡೆ ಪ್ರತಿ ಸಲ ಅಡಗಿ ಕೂತರೆ ಮೇಯಲೂ ಹೊತ್ತಿಲ್ಲ, ಕೂಡಲೂ ಹೊತ್ತಿಲ್ಲ.

ಒಂದೇ ನೀರಿನಲ್ಲಿ ಎರಡೂ ಬಗೆ ಉಳಿಯುವುದಕ್ಕೆ 2007ರಲ್ಲಿ ಮಾಕ್ಸ್ ವೋಲ್ಫ್ ಮತ್ತು ಸಂಗಡಿಗರು ಒಂದು ಗಣಿತದ ಮಾದರಿ ಕೊಟ್ಟರು. ಮುಂದೆ ಹೆಚ್ಚು ಸಂತಾನದ ನಿರೀಕ್ಷೆಯಿರುವ ಜೀವಿ ಕಳೆದುಕೊಳ್ಳುವುದೂ ಹೆಚ್ಚು, ಅದು ಹುಷಾರಾಗಿರುತ್ತದೆ. ಈಗಲೇ ಎಲ್ಲ ಹೂಡಿದ ಜೀವಿ ಅಪಾಯಕ್ಕೂ ಸಿದ್ಧ. ಜಗಳದಲ್ಲಿ, ಮೇಯುವುದರಲ್ಲಿ, ಬೇಟೆಗಾರನ ಎದುರು, ಎಲ್ಲೆಡೆಯೂ ಈ ಧೋರಣೆ ಒಟ್ಟಿಗೇ ಕಾಣಿಸಿಕೊಳ್ಳುತ್ತದೆ. ಸ್ಟಿಕಲ್‌ಬ್ಯಾಕ್‌ನಲ್ಲಿ ಧೈರ್ಯ ಮತ್ತು ಜಗಳಗಂಟತನದ ಈ ನಂಟನ್ನು ಫೆಲಿಸಿಟಿ ಹಂಟಿಂಗ್‌ಫರ್ಡ್ 1976ರಲ್ಲೇ ಗುರುತಿಸಿದ್ದರು. ನಂಟು ಎಲ್ಲ ಕಡೆ ಇಲ್ಲ ಎಂಬುದು ಆಮೇಲೆ ತಿಳಿಯಿತು. ಬೇಟೆ ಮೀನಿರುವ ಕೊಳಗಳಲ್ಲಿ ಅದು ಗಟ್ಟಿ, ಇಲ್ಲದ ಕಡೆ ಸಡಿಲ. 2007ರಲ್ಲಿ ಬೆಲ್ ಮತ್ತು ಆಂಡ್ರೂ ಸಿಹ್ ಸ್ಟಿಕಲ್‌ಬ್ಯಾಕ್‌ಗಳ ನಡುವೆ ಟ್ರೌಟ್ ಮೀನು ಬಿಟ್ಟರು. ಮೊದಲು ಇಲ್ಲದಿದ್ದ ನಂಟು ತಿನ್ನಿಸಿಕೊಳ್ಳದೆ ಉಳಿದ ಮೀನುಗಳಲ್ಲಿ ಕಾಣಿಸಿತು. ಕೆಲವು ಮೀನುಗಳು ತಿನ್ನಲ್ಪಟ್ಟದ್ದೂ ಉಳಿದವು ತಮ್ಮ ನಡತೆ ಬದಲಿಸಿಕೊಂಡದ್ದೂ ಸೇರಿ ಹೀಗಾಯಿತು.

ನಿಮ್ಮ ತೊಟ್ಟಿಗೆ ಮರಳೋಣ. ನೀವು ಆರಂಭಿಸಲು ಹೊರಟಿರುವುದು ಒಂದೇ ತಾಯಿಯ ಒಂದೇ ಸಲದ ಮರಿಗಳಿಂದ. ಅವುಗಳ ತಂದೆಯೂ ಒಂದೇ ಆಗಿದ್ದರೆ ಆನುವಂಶಿಕ ವ್ಯತ್ಯಾಸದ ಅರ್ಧ ಭಾಗ ಮಾತ್ರ ಅವುಗಳ ನಡುವೆ ಇದೆ, ಇನ್ನರ್ಧ ಇರುವುದು ಕುಟುಂಬ ಕುಟುಂಬಗಳ ನಡುವೆ. ಆಗ 0.2 ಎಂಬ ಆನುವಂಶಿಕತೆ ನಿಮ್ಮ ಕೈಗೆ ಸಿಗುವುದು 0.11ರಷ್ಟಾಗಿ. ಮೇಲಿನ ಲೆಕ್ಕದ 12 ಸೆಕೆಂಡು 6 ಅಥವಾ 7 ಆಗುತ್ತದೆ, ಜೊತೆಗೆ ಅಣ್ಣ ತಂಗಿಯರನ್ನು ಕೂಡಿಸಿದ್ದಕ್ಕೆ ಮರಿಗಳ ಗಾತ್ರವೂ ಸಂಖ್ಯೆಯೂ ಇಳಿಯಬಹುದು. ಈ ಮರಿಗಳನ್ನು ಪರೀಕ್ಷೆಯ ಕೈಪಳಗಿಸಿಕೊಳ್ಳಲು ಇಟ್ಟುಕೊಳ್ಳಿ. ಆಯ್ಕೆಯ ಕೆಲಸಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಕನಿಷ್ಠ 20 ಗಂಡು, 60 ಕನ್ಯೆ ಹೆಣ್ಣುಗಳನ್ನು ಹೊಂದಿಸಿಕೊಂಡು ಶುರುಮಾಡಿ.